‘ಅದು ನಮ್ಮ ವ್ಯಾಪ್ತಿಗೆ ಬರೋದಿಲ್ಲ’ ಅಂದಾಗ: ಊರುಗಳ ನಡುವಿನ ಗಡಿ ಪತ್ತೆ ಮಾಡುವುದು ಹೇಗೆ?

ಎರಡು ಗ್ರಾಮ ಪಂಚಾಯಿತಿಗಳ ನಡುವೆ ಅರ್ಧ ಕಿಲೋಮೀಟರ್ ರಸ್ತೆ ಹಾಳು ಬಿದ್ದಿರುತ್ತದೆ. ಈ ಕಡೆಯ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿದರೆ ಆ ಕಡೆ ಕೈ ತೋರಿಸುತ್ತಾರೆ, ಆ ಕಡೆಯವರು ಈ ಕಡೆ. ಅದೇ ಜಾಗದಲ್ಲಿ ನಾಳೆ ಒಂದು ರೈಸ್ ಮಿಲ್ಲೋ ಕಲ್ಲು ಕ್ವಾರಿಯೋ ಬಂತು ಅಂದುಕೊಳ್ಳಿ. ಆಗ ಎರಡೂ ಕಡೆಯವರು ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ಗಡಿ ತಕರಾರು ಎಂದರೆ ಬಹಳ ಸಲ ಇಷ್ಟೇ. ಖರ್ಚಿದ್ದಾಗ ಬೇಡ, ಆದಾಯವಿದ್ದಾಗ ಬೇಕು.

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಇಂಥ ಜಾಗಗಳು ಜಾಸ್ತಿ. ಇಲ್ಲಿ ಒಂದೇ ರಾಜ್ಯದ ದಾಖಲೆ ಇಲ್ಲ. ಮದ್ರಾಸ್ ಸರ್ಕಾರದ ಕಾಗದ, ನಿಜಾಮನ ಕಾಗದ, ಸಂಡೂರು ಸಂಸ್ಥಾನದ ಕಾಗದ ಎಲ್ಲವೂ ಇವೆ. ಮೇಲೆ ಹೊಸ ಜಿಲ್ಲೆ, ಹೊಸ ತಾಲೂಕುಗಳು ಬಂದಿವೆ. ಪಂಚಾಯಿತಿ ಸದಸ್ಯರು, ಪತ್ರಕರ್ತರು, ಊರಿನ ಕೆಲಸ ಮೈಮೇಲೆ ಹಾಕಿಕೊಂಡ ಹುಡುಗರು, ಇವರಲ್ಲಿ ಯಾರೇ ಆಗಲಿ ಸ್ವಂತವಾಗಿ ಪತ್ತೆ ಮಾಡಬಹುದಾದ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಕೊನೆಗೆ ಅಳತೆ ಮಾಡಿ ತೀರ್ಮಾನ ಕೊಡುವುದು ಸರ್ಕಾರಿ ಭೂಮಾಪಕರು ಮತ್ತು ಕಂದಾಯ ಅಧಿಕಾರಿಗಳೇ. ಆದರೆ ಕಾಗದ ಸಿದ್ಧವಿದ್ದವರ ಅರ್ಜಿಗೂ ಬರಿಗೈಯಲ್ಲಿ ಹೋದವರ ಅರ್ಜಿಗೂ ತುಂಬಾ ವ್ಯತ್ಯಾಸವಿದೆ.

ಮೊದಲು: ಜಗಳ ಯಾವ ಗಡಿಯದ್ದು?

‘ಗಡಿ’ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಗೆರೆ ಇರುತ್ತದೆ. ಕಂದಾಯ ಗ್ರಾಮದ ಗಡಿ ಒಂದು. ಪಂಚಾಯಿತಿ ಗಡಿ ಇನ್ನೊಂದು. ಪೊಲೀಸ್ ಠಾಣೆಯ ಸರಹದ್ದು, ಅರಣ್ಯದ ಗಡಿ, ವಿಧಾನಸಭಾ ಕ್ಷೇತ್ರ, ಜೆಸ್ಕಾಂ ಶಾಖೆಯ ವ್ಯಾಪ್ತಿ, ಪಿನ್‌ಕೋಡ್ ಇವೆಲ್ಲ ಬೇರೆ ಬೇರೆ. ಇವು ಒಂದರ ಮೇಲೆ ಒಂದು ಸರಿಯಾಗಿ ಕೂರಬೇಕು ಎನ್ನುವ ನಿಯಮ ಇಲ್ಲ. ಕರೆಂಟ್ ಬಿಲ್ ಪಕ್ಕದ ಊರಿನ ಹೆಸರಲ್ಲಿ ಬರುತ್ತದೆ ಎಂದ ಮಾತ್ರಕ್ಕೆ ಮನೆ ಪಕ್ಕದ ಊರಿನದಾಗುವುದಿಲ್ಲ. ಬಳ್ಳಾರಿ ನಗರದ ಸುತ್ತ ಇನ್ನೊಂದು ಗೊಂದಲ ಇದೆ. ಬುಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಯೊಳಗೆ ಬಂದರೆ ಪಾಲಿಕೆಯೊಳಗೆ ಬಂದಂತೆ ಎಂದು ಬಹಳ ಜನ ತಿಳಿದಿದ್ದಾರೆ. ಅವೆರಡೂ ಬೇರೆ. ಲೇಔಟ್‌ಗೆ ಒಪ್ಪಿಗೆ ಬುಡಾ ಕೊಟ್ಟರೂ ಕಸ ಎತ್ತುವುದು ಪಂಚಾಯಿತಿಯೇ ಆಗಿರಬಹುದು.

ಆದ್ದರಿಂದ ಒಂದು ಹಾಳೆಯಲ್ಲಿ ಒಂದೇ ವಾಕ್ಯ ಬರೆದುಕೊಳ್ಳಿ. ಯಾವ ಕೆಲಸ ನಿಂತಿದೆ, ಆ ಕೆಲಸ ಯಾವ ಕಚೇರಿಯದ್ದು, ಆ ಕಚೇರಿಯ ಗಡಿ ಎಲ್ಲಿ ಬರೆದಿದೆ? ರಸ್ತೆ, ಬೀದಿದೀಪ, ಮನೆ ತೆರಿಗೆ ಎಂದರೆ ಪಂಚಾಯಿತಿ ಗಡಿ. ಪಹಣಿ, ಪೋಡಿ (ಜಮೀನು ಭಾಗ ಮಾಡಿ ಅಳೆಯುವುದು) ಎಂದರೆ ಕಂದಾಯ ಗ್ರಾಮದ ಗಡಿ. ಕಾಲುವೆಯಲ್ಲಿ ಹೆಣ ತೇಲಿ ಬಂದು ಎರಡು ಠಾಣೆಗಳ ನಡುವೆ ಜಗ್ಗಾಟ ನಡೆದಿದ್ದರೆ ಅದು ಠಾಣೆ ಸರಹದ್ದು. ಈ ಕೊನೆಯದಕ್ಕೆ ಗಡಿ ಪತ್ತೆ ಮಾಡುತ್ತಾ ಕೂರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದನ್ನೇ ಝೀರೋ ಎಫ್‌ಐಆರ್ ಅನ್ನುವುದು. ಸರಹದ್ದನ್ನು ಪೊಲೀಸರು ಆಮೇಲೆ ನೋಡಿಕೊಳ್ಳಲಿ.

ಜಾಗಕ್ಕೆ ಸರ್ವೆ ನಂಬರ್ ಹಚ್ಚಿ

ಇಡೀ ಕೆಲಸದ ಕೀಲಿ ಇಲ್ಲಿದೆ. ಗ್ರಾಮ ಪಂಚಾಯಿತಿಗೆ ತನ್ನದೇ ಆದ ಗೆರೆ ಇರುವುದಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಜಿಲ್ಲಾಧಿಕಾರಿ ಕೆಲವು ಗ್ರಾಮಗಳನ್ನು ಸೇರಿಸಿ ಪಂಚಾಯಿತಿ ಪ್ರದೇಶ ಎಂದು ಘೋಷಿಸುತ್ತಾರೆ. ಆ ಅಧಿಸೂಚನೆಯಲ್ಲಿ ಗ್ರಾಮಗಳ ಹೆಸರಿನ ಪಟ್ಟಿ ಇರುತ್ತದೆ, ಅಷ್ಟೇ. ಅಂದರೆ ಪಂಚಾಯಿತಿ ಗಡಿ ಎಂದರೆ ಅದರ ಕಟ್ಟಕಡೆಯ ಕಂದಾಯ ಗ್ರಾಮಗಳ ಗಡಿ. ಕಂದಾಯ ಗ್ರಾಮದ ಗಡಿ ಎಂದರೆ ಅದರ ಅಂಚಿನ ಸರ್ವೆ ನಂಬರುಗಳ ಹೊರಗೆರೆ. ಆದ್ದರಿಂದ ‘ಈ ರಸ್ತೆ ಯಾರದು’ ಅಂತ ಕೇಳುವುದನ್ನು ಬಿಟ್ಟು, ‘ಈ ರಸ್ತೆ ಯಾವ ಗ್ರಾಮದ ಯಾವ ಸರ್ವೆ ನಂಬರಿನಲ್ಲಿದೆ’ ಅಂತ ಕೇಳಿ. ಅರ್ಧ ಜಗಳ ಅಲ್ಲೇ ಕರಗುತ್ತದೆ.

ಮೊದಲ ಅಂದಾಜಿಗೆ ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ಸಾಕು. ಜಾಗದಲ್ಲಿ ನಿಂತು ನೋಡಿದರೆ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ತೋರಿಸುತ್ತದೆ. ಇದನ್ನು ಸುಳಿವು ಅಂತ ಮಾತ್ರ ಇಟ್ಟುಕೊಳ್ಳಿ, ಸಾಕ್ಷಿ ಅಂತ ಅಲ್ಲ. ಹಳೇ ಕಾಗದದ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದು ಅದು. ಕೆಲವು ಕಡೆ ಗೆರೆ ಕೆಲವು ಮೀಟರ್ ಆಚೀಚೆ ಸರಿದಿರುತ್ತದೆ. ಗಡಿ ತಕರಾರಿನಲ್ಲಿ ಆ ಕೆಲವು ಮೀಟರೇ ತಕರಾರು, ಅಲ್ವಾ? ಗೂಗಲ್ ಮ್ಯಾಪಿನ ಚುಕ್ಕೆ ಗೆರೆಯನ್ನಂತೂ ಮರೆತುಬಿಡಿ.

ಆ್ಯಪ್ ತೋರಿಸಿದ ನಂಬರಿನ ಪಹಣಿಯನ್ನು ಭೂಮಿ ಜಾಲತಾಣದಲ್ಲೋ ನಾಡಕಚೇರಿಯಲ್ಲೋ ತೆಗೆಸಿ. ಅದರ ಅಕ್ಕಪಕ್ಕದ ನಂಬರುಗಳದ್ದೂ ತೆಗೆಸಿ. ರಸ್ತೆ, ಹಳ್ಳ, ಬಂಡಿದಾರಿಗಳಿಗೆ ಎಷ್ಟೋ ಕಡೆ ಸರ್ವೆ ನಂಬರೇ ಇರುವುದಿಲ್ಲ, ನಕ್ಷೆಯಲ್ಲಿ ಬರೀ ಜೋಡಿ ಗೆರೆ ಇರುತ್ತದೆ. ಹಾಗಿದ್ದರೆ ಎರಡೂ ಬದಿಯ ಹೊಲಗಳ ನಂಬರ್ ಬರೆದುಕೊಳ್ಳಿ.

ಇಲ್ಲಿ ನಮ್ಮ ಭಾಗಕ್ಕೇ ಸೇರಿದ ಮೂರು ತೊಡಕುಗಳನ್ನು ನೋಡಬೇಕು.

ಒಂದು, ಬೇಚರಾಕ್ ಗ್ರಾಮ. ಜನ ಬಿಟ್ಟುಹೋದ ಊರು. ಒಂದು ಗುಡಿ, ಒಂದು ಹಾಳು ಬಾವಿ ಬಿಟ್ಟರೆ ಏನೂ ಇರುವುದಿಲ್ಲ. ಆದರೆ ಕಂದಾಯ ದಾಖಲೆಯಲ್ಲಿ ಅದು ಇವತ್ತಿಗೂ ಪೂರ್ತಿ ಗ್ರಾಮ. ಅದಕ್ಕೆ ತನ್ನದೇ ನಕ್ಷೆ ಇದೆ, ಒಂದರಿಂದ ಶುರುವಾಗುವ ಸರ್ವೆ ನಂಬರುಗಳಿವೆ. ಎರಡು ಊರಿನವರು ‘ನಮ್ಮ ಸೀಮೆ’ ಅಂತ ಜಗಳವಾಡುವ ಜಾಗ ಎರಡೂ ಊರಿನದಲ್ಲದೆ ನಡುವಿನ ಬೇಚರಾಕ್ ಗ್ರಾಮದ್ದಾಗಿರುವುದು ಅಪರೂಪವೇನಲ್ಲ. ಆ ಬೇಚರಾಕ್ ಗ್ರಾಮವನ್ನು ಯಾವ ಪಂಚಾಯಿತಿಗೆ ಸೇರಿಸಿದ್ದಾರೆ ಎಂದು ಅಧಿಸೂಚನೆಯಲ್ಲಿ ಹುಡುಕಬೇಕು.

ಎರಡು, ಕ್ಯಾಂಪುಗಳು. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರು, ಗಂಗಾವತಿ, ಕಾರಟಗಿ, ಸಿರುಗುಪ್ಪ ಕಡೆ ಆಂಧ್ರದಿಂದ ಬಂದ ರೈತರು ಹೊಲದಲ್ಲೇ ಮನೆ ಕಟ್ಟಿಕೊಂಡರು. ಹೊಲ ಎಲ್ಲಿ ಸಿಕ್ಕಿತೋ ಅಲ್ಲಿ ಕ್ಯಾಂಪ್. ಗ್ರಾಮದ ಗಡಿ ನೋಡಿ ಕಟ್ಟಿದ್ದಲ್ಲ. ಹಾಗಾಗಿ ಒಂದೇ ಕ್ಯಾಂಪಿನ ಈ ಸಾಲು ಒಂದು ಗ್ರಾಮ, ಆ ಸಾಲು ಇನ್ನೊಂದು ಗ್ರಾಮ ಆಗಿರಬಹುದು.

ಮೂರು, ತಾಂಡಾಗಳು, ಹಟ್ಟಿಗಳು. ಇವುಗಳಲ್ಲಿ ಹಲವನ್ನು ಈಚಿನ ವರ್ಷಗಳಲ್ಲಿ ಹೊಸ ಕಂದಾಯ ಗ್ರಾಮ ಮಾಡಿದ್ದಾರೆ. ಮೂಲ ಗ್ರಾಮದ ಹಳೇ ನಕ್ಷೆ ಮಾತ್ರ ನೋಡಿದರೆ ಇದು ಗೊತ್ತಾಗುವುದಿಲ್ಲ.

ತಾಯಿ ಕಾಗದ ಹುಡುಕಿ

ಪ್ರತಿ ಆಡಳಿತ ಗಡಿಗೂ ಅದನ್ನು ಹುಟ್ಟಿಸಿದ ಒಂದು ಆದೇಶ ಇರುತ್ತದೆ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮಗಳಿಗೆ ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರಡಿ ಹೊರಟ ಅಧಿಸೂಚನೆ. ಪಂಚಾಯಿತಿಗೆ ಜಿಲ್ಲಾಧಿಕಾರಿಯ ಅಧಿಸೂಚನೆ. ಪುರಸಭೆ, ನಗರಸಭೆಗಳಿಗೆ ರಾಜ್ಯ ಸರ್ಕಾರದ ಅಧಿಸೂಚನೆ. ಪಟ್ಟಣ ಬೆಳೆದಾಗ ಪಕ್ಕದ ಗ್ರಾಮದ ಕೆಲವು ಸರ್ವೆ ನಂಬರುಗಳನ್ನು ಮಾತ್ರ ಒಳಗೆ ಎಳೆದುಕೊಳ್ಳುವುದುಂಟು. ಆಗ ಒಂದೇ ಗ್ರಾಮದ ಅರ್ಧ ಪಟ್ಟಣಕ್ಕೆ, ಅರ್ಧ ಪಂಚಾಯಿತಿಗೆ ಸೇರುತ್ತದೆ. ಅಧಿಸೂಚನೆಯ ಅನುಬಂಧ ನೋಡದೆ ಇದನ್ನು ಹೇಳಲು ಸಾಧ್ಯವೇ ಇಲ್ಲ.

ಅಧಿಸೂಚನೆ ರಾಜ್ಯಪತ್ರದಲ್ಲಿ ಬಂದಿರುತ್ತದೆ. ಮೊದಲು ಪಂಚಾಯಿತಿಯಲ್ಲಿ ಕೇಳಿ, ಆಮೇಲೆ ತಾಲೂಕು ಪಂಚಾಯಿತಿ, ಆಮೇಲೆ ಜಿಲ್ಲಾಧಿಕಾರಿ ಕಚೇರಿ. ಒಂದು ಎಚ್ಚರಿಕೆ: 2015ರ ಪಂಚಾಯಿತಿ ಚುನಾವಣೆಗೆ ಮುಂಚೆ ರಾಜ್ಯದಲ್ಲೆಲ್ಲ ಪಂಚಾಯಿತಿಗಳನ್ನು ಮತ್ತೆ ವಿಂಗಡಿಸಿದ್ದರು. ಅದಕ್ಕೂ ಹಿಂದಿನ ಪಟ್ಟಿ ಹಿಡಿದುಕೊಂಡು ವಾದ ಮಾಡಿದರೆ ಉಪಯೋಗವಿಲ್ಲ.

ಬಾಯಿಮಾತಿಗೆ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆದ್ದರಿಂದ ಊರಿನ ಕಥೆಯನ್ನೆಲ್ಲ ಅದರಲ್ಲಿ ಬರೆಯಬೇಡಿ. ‘ಈ ರಸ್ತೆ ಯಾರ ವ್ಯಾಪ್ತಿಗೆ ಬರುತ್ತದೆ?’ ಅಂತಲೂ ಕೇಳಬೇಡಿ. ಪ್ರಶ್ನೆಗೆ ಉತ್ತರ ಕೊಡುವ ಕೆಲಸ ನಮ್ಮದಲ್ಲ ಅಂತ ವಾಪಸ್ ಬರುತ್ತದೆ. ದಾಖಲೆ ಕೇಳಿ. ಹೀಗೆ:

‘ಇಂಥ ಗ್ರಾಮ ಪಂಚಾಯಿತಿಯ ಪ್ರದೇಶವನ್ನು ಘೋಷಿಸಿ ಜಿಲ್ಲಾಧಿಕಾರಿಯವರು ಹೊರಡಿಸಿರುವ, ಈಗ ಜಾರಿಯಲ್ಲಿರುವ ಅಧಿಸೂಚನೆ, ಅದರ ಅನುಬಂಧದಲ್ಲಿರುವ ಗ್ರಾಮಗಳ ಪಟ್ಟಿ (ಬೇಚರಾಕ್ ಗ್ರಾಮಗಳೂ ಸೇರಿ) ಮತ್ತು ಆನಂತರದ ಎಲ್ಲಾ ತಿದ್ದುಪಡಿ ಆದೇಶಗಳ ದೃಢೀಕೃತ ಪ್ರತಿಗಳನ್ನು ಒದಗಿಸುವುದು.’

ಇನ್ನೊಂದು ಪಂಚಾಯಿತಿಗೂ ಇದೇ ಅರ್ಜಿ, ಪ್ರತ್ಯೇಕವಾಗಿ. ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ.

ಹಳೇ ಕಾಗದ ಯಾರ ಮನೆಯಲ್ಲಿದೆ?

ನಮ್ಮ ಭಾಗದ ಗಡಿ ಹುಡುಕಾಟ ಬೇರೆ ಜಿಲ್ಲೆಗಳದ್ದಕ್ಕಿಂತ ಕಷ್ಟವಾಗುವುದೂ, ನಿಜ ಹೇಳಬೇಕೆಂದರೆ ರುಚಿಸುವುದೂ ಇಲ್ಲೇ.

ತುಂಗಭದ್ರೆಯ ತೆಂಕಣ ದಡದ ಬಳ್ಳಾರಿ 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಮುಂದೆ ಮದ್ರಾಸ್ ಪ್ರಾಂತ್ಯದ ಜಿಲ್ಲೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಮಾತ್ರ ಆಂಧ್ರಕ್ಕೆ ಹೋದವು. ನಡುವೆ ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದು 1949ರಲ್ಲಿ ವಿಲೀನವಾಯಿತು. ಬಡಗಣ ದಡದ ರಾಯಚೂರು, ಕೊಪ್ಪಳ ಹೈದರಾಬಾದ್ ರಾಜ್ಯದಲ್ಲಿದ್ದು, 1956ರ ನವೆಂಬರ್ 1ರಂದು ನಮ್ಮ ಜೊತೆ ಬಂದವು. ಆಗ ರಾಯಚೂರು ಜಿಲ್ಲೆಯ ಗದ್ವಾಲ್, ಆಲಂಪುರ ಆಂಧ್ರ ಪ್ರದೇಶದ ಕಡೆ ಹೋದವು. ಕೊಪ್ಪಳ ಭಾಗದಲ್ಲಿ ಸಾಲಾರ್ ಜಂಗ್ ಮನೆತನದ ಜಾಗೀರು ಬೇರೆ ಇತ್ತು.

ಇದರ ನೇರ ಪರಿಣಾಮ ದಾಖಲೆಗಳ ಮೇಲೆ. ಬಳ್ಳಾರಿ ಕಡೆ ಮದ್ರಾಸ್ ಪದ್ಧತಿಯ ಎಫ್‌ಎಂಬಿ ಸಿಗುತ್ತದೆ. ಹೊಲದ ಪ್ರತಿ ಮೂಲೆ, ಪ್ರತಿ ತಿರುವಿನ ಅಳತೆ ಬರೆದ ಪುಸ್ತಕ ಅದು. ಅದರ ಅಳತೆ 66 ಅಡಿಯ ಸರಪಳಿ, 100 ಲಿಂಕ್. ವಿಸ್ತೀರ್ಣ ಎಕರೆ ಮತ್ತು ಸೆಂಟ್. ರಾಯಚೂರು, ಕೊಪ್ಪಳದಲ್ಲಿ ಟಿಪ್ಪಣಿ (ಹೊಲದ ಅಳತೆ ಬರೆದ ಹಾಳೆ), ಸೇತ್ವಾರ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), 1950ರ ದಶಕದ ಖಾಸ್ರಾ ಪಹಣಿ ಸಿಗುತ್ತವೆ. ಅಲ್ಲಿ 33 ಅಡಿಯ ಸರಪಳಿ, 16 ಆಣೆ. ವಿಸ್ತೀರ್ಣ ಎಕರೆ ಮತ್ತು ಗುಂಟೆ. ಬಳ್ಳಾರಿಯ ಹಳೇ ಕಾಗದದಲ್ಲಿ 3.20 ಅಂದರೆ ಮೂರು ಎಕರೆ ಇಪ್ಪತ್ತು ಸೆಂಟ್. ಕೊಪ್ಪಳದ ಕಾಗದದಲ್ಲಿ 3-20 ಅಂದರೆ ಮೂರು ಎಕರೆ ಇಪ್ಪತ್ತು ಗುಂಟೆ, ಅಂದರೆ ಮೂರೂವರೆ ಎಕರೆ. ಇಪ್ಪತ್ತು ಸೆಂಟ್ ಎಂದರೆ ಎಂಟೇ ಗುಂಟೆ. ಹಾಗೆಯೇ ಓದಿಬಿಟ್ಟರೆ ಹನ್ನೆರಡು ಗುಂಟೆ ವ್ಯತ್ಯಾಸ. ನದಿಯ ಎರಡೂ ದಡದ ದಾಖಲೆ ಹೋಲಿಸುವವರು ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತಂದುಕೊಳ್ಳಬೇಕು.

ಹೈದರಾಬಾದ್ ಕಾಲದ ಕಾಗದಗಳಲ್ಲಿ ಉರ್ದು ಬರಹ, ಫಸಲಿ ವರ್ಷ (ಆಗಿನ ಕಂದಾಯ ವರ್ಷ). ಫಸಲಿಗೆ 590 ಸೇರಿಸಿದರೆ ಇಸವಿ ಬರುತ್ತದೆ. ಫಸಲಿ 1358 ಅಂದರೆ 1948-49. ಉರ್ದು ಓದಿಸುವುದಕ್ಕೆ ಪೇಟೆಯಲ್ಲಿ ಹಳೇ ದಸ್ತಾವೇಜು ಬರೆಯುವವರನ್ನು ಹುಡುಕಿ. ಬರೀ ಉರ್ದು ಬಂದರೆ ಸಾಲದು, ಕಂದಾಯದ ಶಿಕಸ್ತಾ (ಓಟದ ಬರಹದ) ಕೈಬರಹ ಓದಿ ರೂಢಿ ಇರಬೇಕು. ಒಬ್ಬರು ಓದಿದ್ದನ್ನು ಇನ್ನೊಬ್ಬರಿಂದಲೂ ಓದಿಸಿ.

ಈಗ ಯಾವ ಕಚೇರಿಗೆ ಹೋಗಬೇಕು? ಗಡಿ ಈಗ ಯಾವ ಜಿಲ್ಲೆಯಲ್ಲಿದೆ ಅನ್ನುವುದಕ್ಕಿಂತ, ಕಾಗದ ಹುಟ್ಟಿದಾಗ ಯಾವ ಜಿಲ್ಲೆಯಲ್ಲಿತ್ತು ಅಂತ ನೋಡಿ. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ಹಾಗಾಗಿ ಕಾರಟಗಿ ಮತ್ತು ಸಿಂಧನೂರು ತಾಲೂಕುಗಳ ನಡುವಿನ ಇವತ್ತಿನ ಜಿಲ್ಲಾ ಗಡಿ, ಅದಕ್ಕೂ ಮುಂಚೆ ಒಂದೇ ರಾಯಚೂರು ಜಿಲ್ಲೆಯೊಳಗೆ ಗಂಗಾವತಿ–ಸಿಂಧನೂರು ತಾಲೂಕುಗಳ ಗಡಿ. ಹಳೇ ಆದೇಶಗಳಿಗೆ ರಾಯಚೂರಿನ ಕಚೇರಿಯ ದಾಖಲೆ ಕೊಠಡಿಯನ್ನೂ ನೋಡಬೇಕು. ಕಂಪ್ಲಿಯದ್ದು ಇನ್ನೂ ತಮಾಷೆ. ಅದು ಮೊದಲು ಹೊಸಪೇಟೆ ತಾಲೂಕಿನಲ್ಲಿತ್ತು. ಈಗ ತಾನೇ ತಾಲೂಕಾಗಿ ಬಳ್ಳಾರಿ ಜಿಲ್ಲೆಯಲ್ಲಿದೆ, ಆದರೆ ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆ. ಕಂಪ್ಲಿಯವರು ಹಳೇ ಕಡತ ಹುಡುಕುತ್ತಾ ಪಕ್ಕದ ಜಿಲ್ಲೆಗೆ ಹೋಗಬೇಕಾಗಬಹುದು. ಹರಪನಹಳ್ಳಿಯವರಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರಕ್ಕೆ ಸೇರಿದರು. ಅವರ ಕಡತಗಳ ಪಾಡು ನೀವೇ ಊಹಿಸಿ.

ಭೂಮಾಪನದ ಕಾಗದಗಳಿಗೆ ತಾಲೂಕಿನಲ್ಲಿ ಎಡಿಎಲ್‌ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರು), ಜಿಲ್ಲೆಯಲ್ಲಿ ಡಿಡಿಎಲ್‌ಆರ್ (ಉಪ ನಿರ್ದೇಶಕರು) ಕಚೇರಿ. ಕೇಳಬೇಕಾದ್ದು: ಎರಡೂ ಗ್ರಾಮಗಳ ನಕ್ಷೆ, ಗಡಿಗೆ ತಾಗಿದ ಸರ್ವೆ ನಂಬರುಗಳ ಟಿಪ್ಪಣಿ ಅಥವಾ ಎಫ್‌ಎಂಬಿ, ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿ).

ಎರಡು ನಕ್ಷೆ ಪಕ್ಕಪಕ್ಕ ಇಟ್ಟು ನೋಡಿ

ಗ್ರಾಮ ನಕ್ಷೆಗಳನ್ನು ಭೂಮಾಪನ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು. ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ. ‘ಪುಟಕ್ಕೆ ಹೊಂದಿಸಿ’ ಅನ್ನುವ ಆಯ್ಕೆ ಒತ್ತಬೇಡಿ, ಅಳತೆ ಕೆಡುತ್ತದೆ.

ನಕ್ಷೆಯ ಪ್ರಮಾಣ ಮೊದಲು ನೋಡಿ. ನಮ್ಮ ರಾಜ್ಯದಲ್ಲಿ ಹೆಚ್ಚು ಕಾಣುವುದು ಮೈಲಿಗೆ 8 ಇಂಚು, ಅಂದರೆ 1:7920. ಇದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 79 ಮೀಟರ್. ಒಂದು ಮಿಲಿಮೀಟರ್ ಎಂದರೆ ಸುಮಾರು 8 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಗಡಿಗೆರೆ ನೆಲದಲ್ಲಿ 4 ಮೀಟರ್ ಅಗಲ, ಒಂದು ಹಳ್ಳಿ ರಸ್ತೆಯಷ್ಟು! ಆದ್ದರಿಂದ ಗ್ರಾಮ ನಕ್ಷೆಯಿಂದ ಯಾವ ಹೊಲ ಯಾವ ಊರಿನದು ಎಂದು ಹೇಳಬಹುದು, ಗಡಿ ರಸ್ತೆಯ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಹೇಳಲಾಗುವುದಿಲ್ಲ. ಅದಕ್ಕೆ ಟಿಪ್ಪಣಿಯ ಅಂಕಿಗಳೇ ಬೇಕು.

ನಕ್ಷೆಯ ಅಂಚಿನಲ್ಲಿ ಪಕ್ಕದ ಗ್ರಾಮಗಳ ಹೆಸರು ಬರೆದಿರುತ್ತದೆ. ಮೂರು ಗ್ರಾಮಗಳು ಸೇರುವ ಬಿಂದುಗಳನ್ನು ಗುರುತು ಮಾಡಿಕೊಳ್ಳಿ. ಗಡಿ ಹುಡುಕುವವರಿಗೆ ಇವೇ ಆಧಾರ. ಒಂದು ಮುಕ್ಕೂಟದ ಬಿಂದುವಿನಿಂದ ಇನ್ನೊಂದಕ್ಕೆ ಗಡಿ ಹೇಗೆ ಹೋಗುತ್ತದೆ, ಎಷ್ಟು ತಿರುವು, ಯಾವ ಹಳ್ಳ ದಾಟುತ್ತದೆ ಎಂದು ಒಂದು ಗ್ರಾಮದ ನಕ್ಷೆಯಲ್ಲಿ ನೋಡಿ. ಅದೇ ಭಾಗವನ್ನು ಇನ್ನೊಂದರಲ್ಲಿ ನೋಡಿ. ಎರಡೂ ಹೊಂದಿದರೆ ತಕರಾರು ಕಾಗದದ್ದಲ್ಲ, ನೆಲದ್ದು. ಹೊಂದದಿದ್ದರೆ ಎರಡು ಸಾಧ್ಯತೆ. ಗೆರೆ ಒಂದರ ಮೇಲೊಂದು ಏರಿದರೆ ಒಂದೇ ಜಾಗ ಎರಡೂ ಊರಿನ ನಕ್ಷೆಯಲ್ಲಿದೆ. ನಡುವೆ ಖಾಲಿ ಉಳಿದರೆ ಯಾರ ನಕ್ಷೆಯಲ್ಲೂ ಇಲ್ಲದ ತುಂಡು. ಹಾಗೆ ಕಂಡರೆ ತಕ್ಷಣ ಹಗರಣ ಅಂತ ಕೂಗಬೇಡಿ. ಬೇರೆ ಬೇರೆ ವರ್ಷ, ಬೇರೆ ಬೇರೆ ಸರಪಳಿಯಲ್ಲಿ ಅಳೆದದ್ದು. ಹಳೇ ಹಾಳೆ ಕುಗ್ಗಿ, ಮತ್ತೆ ಬರೆದು, ಸ್ಕ್ಯಾನ್ ಆಗಿ ಬಂದದ್ದು. ಸುಮ್ನೆ ಪೆನ್ಸಿಲಿನಲ್ಲಿ ಗುರುತು ಹಾಕಿಡಿ.

ಆಮೇಲೆ ಗೂಗಲ್ ಅರ್ತ್‌ನಲ್ಲಿ ಹಳೇ ವರ್ಷಗಳ ಚಿತ್ರ ತಿರುಗಿಸಿ ನೋಡಿ. ರಸ್ತೆ ಯಾವಾಗ ಅಗಲವಾಯಿತು, ಹಳ್ಳ ಯಾವಾಗ ಸರಿಯಿತು, ಬದು ಯಾವಾಗ ಮಾಯವಾಯಿತು ಅನ್ನುವುದು ಗೊತ್ತಾಗುತ್ತದೆ. ಇಲ್ಲಿ ಗೆರೆ ನೋಡಬೇಡಿ, ನೆಲ ನೋಡಿ.

ಈಗ ಜಾಗಕ್ಕೆ ಹೋಗಿ

ಬೇಸಿಗೆಯಲ್ಲಿ ಹೋಗಿ, ಬೆಳೆ ಕೊಯ್ದ ಮೇಲೆ. ಒಬ್ಬರೇ ಹೋಗಬೇಡಿ. ಎರಡೂ ಊರಿನ ಒಬ್ಬೊಬ್ಬರನ್ನು ಕರೆದುಕೊಂಡು ಹೋಗಿ. ಬರೀ ಒಂದು ಕಡೆಯವರ ಜೊತೆ ಓಡಾಡಿದರೆ ಸಂಜೆಯೊಳಗೆ ನೀವೂ ಒಂದು ಪಾರ್ಟಿ ಆಗಿಬಿಡುತ್ತೀರಿ.

ಗಡಿಗಲ್ಲು ಹುಡುಕುವುದು ನಮ್ಮ ಎರೆ ಭೂಮಿಯಲ್ಲಿ ಸುಲಭವಲ್ಲ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ. ಕಲ್ಲು ವಾಲುತ್ತದೆ, ಹೂತುಹೋಗುತ್ತದೆ. ಕಾಲುವೆ ಬಯಲಿನಲ್ಲಿ ಇನ್ನೂ ಕಷ್ಟ. ಭತ್ತದ ಗದ್ದೆ ಮಟ್ಟ ಮಾಡುವಾಗ ಡೋಜರ್ ಬದುಗಳನ್ನೂ ಕಲ್ಲುಗಳನ್ನೂ ಒಟ್ಟಿಗೆ ತಳ್ಳಿಕೊಂಡು ಹೋಗಿದೆ. ಕಲ್ಲು ಸಿಕ್ಕರೆ ಮುಟ್ಟಬೇಡಿ, ನೆಟ್ಟಗೆ ಮಾಡಲೂ ಹೋಗಬೇಡಿ. ಗಡಿ ಗುರುತು ಕೀಳುವುದು, ಸರಿಸುವುದು ಕಾನೂನು ಪ್ರಕಾರ ತಪ್ಪು. ಫೋಟೋ ತೆಗೆಯಿರಿ. ಒಂದು ಹತ್ತಿರದಿಂದ, ಒಂದು ದೂರದಿಂದ ಹಿಂದಿನ ಗುಡ್ಡವೋ ಗುಡಿಯೋ ಕಾಣುವಂತೆ. ಫೋನಿನಲ್ಲಿ ಅಕ್ಷಾಂಶ–ರೇಖಾಂಶ ಬರೆದುಕೊಳ್ಳಿ. ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ ಎಂಬುದು ನೆನಪಿರಲಿ.

ಹಿರಿಯರನ್ನು ಕೇಳುವ ರೀತಿ ಬೇರೆ. ‘ಗಡಿ ಎಲ್ಲಿದೆ?’ ಅಂದರೆ ಈಗಿನ ಜಗಳದ ಉತ್ತರವೇ ಬರುತ್ತದೆ. ‘ಯಜಮಾನ್ರ, ನೀವು ಸಣ್ಣವರಿದ್ದಾಗ ದನ ಎಲ್ಲಿ ತನಕ ಮೇಯಾಕ ಹೋಗ್ತಿದ್ವು? ಅಲ್ಲಿಂದಾಚೆ ಹೋದ್ರ ಯಾರು ಬೈತಿದ್ರು?’ ಅಂತ ಕೇಳಿ ನೋಡಿ. ಯಾವ ಊರಿನ ತಳವಾರ ಎಲ್ಲಿಯವರೆಗೆ ಬರುತ್ತಿದ್ದ, ಯಾವ ಗೌಡರ ಹತ್ತಿರ ಕಂದಾಯ ಕಟ್ಟುತ್ತಿದ್ದರು ಅಂತ ಕೇಳಿ. ಬಳ್ಳಾರಿ ಕಡೆ ಕೆಲವು ಊರುಗಳಲ್ಲಿ ಊರಮ್ಮನ ಜಾತ್ರೆಯಲ್ಲಿ ರಾತ್ರಿ ಸರಗ (ಬಲಿಯ ಅನ್ನ) ಚೆಲ್ಲುತ್ತಾ ಊರ ಗಡಿ ಸುತ್ತುವ ವಾಡಿಕೆ ಇದೆ. ತಮ್ಮ ಸೀಮೆಯೊಳಗೆ ಸರಗ ಬೀಳದಂತೆ ಪಕ್ಕದ ಊರಿನವರು ಕಾಯುತ್ತಾರೆ. ಎರಡೂ ಕಡೆಯವರು ಒಪ್ಪಿ ನಡೆಯುವ ಆ ದಾರಿ ಎಲ್ಲೆಲ್ಲಿ ಹೋಗುತ್ತದೆ ಎಂದು ತಿಳಿದುಕೊಂಡರೆ ಕಳೆದುಹೋದ ಕಲ್ಲು ಎಲ್ಲಿ ಹುಡುಕಬೇಕು ಎಂಬುದು ಗೊತ್ತಾಗಬಹುದು. ಕಾನೂನಿನಲ್ಲಿ ಮಾತ್ರ ಅದೇ ಗಡಿ ಅಂತ ನಿಲ್ಲುವುದಿಲ್ಲ. ಹಳೇ ಶಾಸನ, ಲಿಂಗಮುದ್ರೆಯ ಕಲ್ಲುಗಳಿಗೂ ಇದೇ ಮಾತು. ಅವು ದಾನ ಕೊಟ್ಟ ಭೂಮಿಯ ಗುರುತು. ಇವತ್ತಿನ ಕಂದಾಯ ಗ್ರಾಮದ ಗಡಿಗೂ ಅವಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

ತೆರಿಗೆ ರಸೀದಿ, ರೇಷನ್ ಕಾರ್ಡ್, ವೋಟರ್ ಪಟ್ಟಿ, ಇ-ಸ್ವತ್ತು ನಮೂನೆ ಇವನ್ನು ಊರವರು ಮುಂದೆ ಹಿಡಿಯುತ್ತಾರೆ. ಪ್ರತಿ ತೆಗೆದುಕೊಳ್ಳಿ. ಇವು ಇಷ್ಟು ವರ್ಷ ಯಾರು ಆಡಳಿತ ನಡೆಸಿದರು ಎಂದು ತೋರಿಸುತ್ತವೆ. ಯಾರು ನಡೆಸಬೇಕಿತ್ತು ಎಂದು ತೋರಿಸುವುದಿಲ್ಲ.

ನದಿ, ಹಿನ್ನೀರು, ಗುಡ್ಡ

ತುಂಗಭದ್ರೆ 1956ರವರೆಗೆ ಎರಡು ಸರ್ಕಾರಗಳ ನಡುವಿನ ಗಡಿ. ಈಗಲೂ ಅದರ ಬಹುಭಾಗ ಜಿಲ್ಲೆಗಳ ಗಡಿ. ನದಿ ಗಡಿ ಇದ್ದಲ್ಲಿ ‘ನೀರಿನ ಆಚೆ ಅವರದು’ ಅನ್ನುವ ಲೆಕ್ಕ ನಂಬಬೇಡಿ. ನಕ್ಷೆಯಲ್ಲಿ ಗೆರೆ ಹೊಳೆಯ ನಡುವೆ ಇದೆಯೋ, ದಡದಲ್ಲಿದೆಯೋ, ನಡುಗಡ್ಡೆ ಯಾವ ಗ್ರಾಮದ ಸರ್ವೆ ನಂಬರಿನಲ್ಲಿದೆಯೋ ನೋಡಿ. ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯನ್ನು ಪ್ರವಾಸಿಗರೆಲ್ಲ ಹಂಪಿಯದ್ದೇ ಅಂದುಕೊಳ್ಳುತ್ತಾರೆ, ಆದರೆ ಅದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕು. ಎರಡೂ ದಡಕ್ಕೆ ಸೇರಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬೇರೆ ಇದೆ. ಅಲ್ಲಿ ಕಟ್ಟಡದ ತಕರಾರಾದರೆ ಜಿಲ್ಲೆ ಯಾವುದು ಅನ್ನುವುದೊಂದೇ ಪ್ರಶ್ನೆಯಲ್ಲ. ರಾಯಚೂರು ತಾಲೂಕಿನಲ್ಲಿ ಕೃಷ್ಣೆಯ ನಡುವಿನ ಕುರ್ವಕಲಾ, ಕುರ್ವಕುರ್ದಾಗಳ ಕಡೆ ಎದುರು ದಡ ತೆಲಂಗಾಣ.

ಮರಳಿನ ತಕರಾರು ಬಂದರೆ ಮಾತ್ರ ಕಾಯಬೇಡಿ. ಮರಳು ಎತ್ತಿದ ಮೇಲೆ ಜಾಗವೂ ಉಳಿಯುವುದಿಲ್ಲ, ಸಾಕ್ಷಿಯೂ ಉಳಿಯುವುದಿಲ್ಲ. ದಿನಾಂಕ ಸಮೇತ ಫೋಟೋ ತೆಗೆದು ಎರಡೂ ಜಿಲ್ಲೆಗಳ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಅದೇ ದಿನ ದೂರು ಕೊಡಿ.

ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ಊರುಗಳ ಜನ ಬೇರೆಡೆ ಹೊಸ ಊರು ಕಟ್ಟಿಕೊಂಡರು. ಹೆಸರು ಅದೇ, ಜಾಗ ಬೇರೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬಿತ್ತನೆ, ಕುರಿ ಮೇಯಿಸುವಿಕೆ ವಿಷಯಕ್ಕೆ ತಕರಾರು ಬಂದರೆ ಮುಳುಗುವ ಮುಂಚಿನ ಗ್ರಾಮ ನಕ್ಷೆಯ ಜೊತೆಗೆ ಜಲಾಶಯಕ್ಕೆ ಭೂಸ್ವಾಧೀನ ಮಾಡಿದ ಕಡತವೂ ಬೇಕು.

ಬಳ್ಳಾರಿ–ಅನಂತಪುರ ಕಡೆಯ ಅದಿರಿನ ಗುಡ್ಡಗಳ ಕಥೆ ನಿಮಗೆ ಗೊತ್ತೇ ಇದೆ. ಗಡಿ ಗುರುತುಗಳೇ ಅಳಿಸಿಹೋಗಿ, ಎರಡು ರಾಜ್ಯಗಳ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕೊನೆಗೆ ಸರ್ವೆ ಆಫ್ ಇಂಡಿಯಾ ಅಳೆಯಬೇಕಾಯಿತು. ರಾಜ್ಯದ ಗಡಿಗೆ ತಾಗಿದ ಊರಿನವರಿಗೆ ನನ್ನ ಸಲಹೆ: ಕಾಗದ ಕೂಡಿಸಿ ಜಿಲ್ಲಾಧಿಕಾರಿಗೆ ಕೊಡಿ, ಗುಡ್ಡಕ್ಕೆ ನೀವೇ ಟೇಪು ಹಿಡಿದು ಹೋಗಬೇಡಿ. ಅರಣ್ಯದ ಗಡಿ ಬಂದರೆ ಅರಣ್ಯ ಅಧಿಸೂಚನೆಯನ್ನು ಬೇರೆಯೇ ತರಿಸಬೇಕು. ಅದರಲ್ಲಿ ನಾಲ್ಕು ದಿಕ್ಕಿನ ಗಡಿಯನ್ನು ವಿವರಿಸಿ ಬರೆದಿರುತ್ತಾರೆ.

ಅರ್ಜಿ ಹಾಕುವಾಗ

ಸಿಕ್ಕಿದ್ದನ್ನೆಲ್ಲ ಎರಡು ಪುಟಕ್ಕೆ ಇಳಿಸಿ. ಒಂದು ಕೈನಕ್ಷೆ, ಗ್ರಾಮಗಳ ಹೆಸರು, ಸರ್ವೆ ನಂಬರುಗಳು, ಯಾವ ಅಧಿಸೂಚನೆ ಏನು ಹೇಳುತ್ತದೆ, ಎರಡು ನಕ್ಷೆ ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ. ನಿಮ್ಮ ಊರಿಗೆ ವಿರುದ್ಧವಾದ ಕಾಗದವನ್ನೂ ಸೇರಿಸಿ. ಬಚ್ಚಿಟ್ಟರೆ ಆ ಕಡೆಯವರು ತಂದೇ ತರುತ್ತಾರೆ.

ಕೇಳಬೇಕಾದ್ದು ಜಂಟಿ ಸರ್ವೆ. ಒಂದೇ ತಾಲೂಕಿನ ಎರಡು ಗ್ರಾಮಗಳಾದರೆ ತಹಶೀಲ್ದಾರರಿಗೆ ಅರ್ಜಿ, ಎಡಿಎಲ್‌ಆರ್‌ಗೆ ಪ್ರತಿ. ಎರಡು ತಾಲೂಕಾದರೆ ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ. ಎರಡು ಜಿಲ್ಲೆಯಾದರೆ ಇಬ್ಬರೂ ಜಿಲ್ಲಾಧಿಕಾರಿಗಳಿಗೆ, ಪ್ರತಿ ಕಲಬುರಗಿಯ ಪ್ರಾದೇಶಿಕ ಆಯುಕ್ತರಿಗೆ. ಮೂರೂ ಜಿಲ್ಲೆಗಳು ಅವರ ವಿಭಾಗಕ್ಕೇ ಸೇರುತ್ತವೆ. ಅರ್ಜಿಯ ಜೊತೆ ಎರಡೂ ಪಂಚಾಯಿತಿಗಳ ಠರಾವು ಇದ್ದರೆ ಕೆಲಸ ಬೇಗ ಸಾಗುತ್ತದೆ. ಸರ್ವೆ ದಿನ ಎರಡೂ ಕಡೆಯ ಭೂಮಾಪಕರು, ಗ್ರಾಮ ಆಡಳಿತ ಅಧಿಕಾರಿಗಳು, ಪಕ್ಕದ ಹೊಲದವರು ಇರಬೇಕು, ಎಲ್ಲರಿಗೂ ಮೊದಲೇ ನೋಟಿಸ್ ಹೋಗಿರಬೇಕು. ಯಾವ ಬಿಂದುವಿನಿಂದ ಅಳತೆ ಶುರುಮಾಡಿದರು ಎನ್ನುವುದನ್ನು ಪಂಚನಾಮೆಯಲ್ಲಿ ಬರೆಸಿ. ಮುಂದೆ ಯಾರಾದರೂ ಪ್ರಶ್ನೆ ಎತ್ತಿದರೆ ಮೊದಲು ಎತ್ತುವುದು ಇದನ್ನೇ. ಒಪ್ಪಿಗೆ ಇಲ್ಲದಿದ್ದರೆ ಸಹಿ ಹಾಕದೆ ಎದ್ದು ಹೋಗಬೇಡಿ, ಆಕ್ಷೇಪಣೆ ಬರೆದು ಸಹಿ ಹಾಕಿ.

ಗಡಿ ಎಲ್ಲಿದೆ ಎಂದು ಪತ್ತೆ ಮಾಡುವುದು ಬೇರೆ, ಗಡಿ ಬದಲಾಯಿಸಿ ಎಂದು ಕೇಳುವುದು ಬೇರೆ. ಸರ್ವೆಯಲ್ಲಿ ‘ನಿಮ್ಮ ಕ್ಯಾಂಪಿನ ಈ ಸಾಲು ಪಕ್ಕದ ಊರಿಗೇ ಸೇರುತ್ತದೆ’ ಅಂತ ಬಂದರೆ, ಅದನ್ನು ಈ ಕಡೆ ಸೇರಿಸಲು ಹೊಸ ಅಧಿಸೂಚನೆ ಬೇಕು. 2027ರ ಜನಗಣತಿಗಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಸ್ಥಿರಗೊಳಿಸಲು ಸೂಚನೆ ಇದ್ದದ್ದರಿಂದ, ಎಣಿಕೆ ಮುಗಿಯುವವರೆಗೆ ಅಂಥ ಬದಲಾವಣೆ ಕಷ್ಟ. ಇರುವ ಗಡಿಯನ್ನು ಅಳೆದು ಕಲ್ಲು ನೆಡಿಸುವುದಕ್ಕೆ ಅದು ಅಡ್ಡಿಯಲ್ಲ.

ಕೋರ್ಟಿಗೆ ಹೋಗುವುದನ್ನು ಕೊನೆಗೆ ಇಟ್ಟುಕೊಳ್ಳಿ. ರಾಯಚೂರು ಜಿಲ್ಲೆಯವರಿಗೆ ಹೈಕೋರ್ಟಿನ ಕಲಬುರಗಿ ಪೀಠ, ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ. ಒಂದು ಬದುವಿನ ಆಚೀಚೆಯ ಇಬ್ಬರು ಎರಡು ದಿಕ್ಕಿಗೆ ಬಸ್ಸು ಹತ್ತಬೇಕಾದೀತು.

ಇಷ್ಟೆಲ್ಲ ಆಗುವವರೆಗೆ ರಸ್ತೆ ಗುಂಡಿ ಕಾಯುವುದಿಲ್ಲ. ತಾತ್ಕಾಲಿಕ ಕೆಲಸಕ್ಕೆ ಎರಡೂ ಪಂಚಾಯಿತಿಗಳು ಖರ್ಚು ಅರ್ಧರ್ಧ ಹಾಕಿಕೊಳ್ಳುವಂತೆ ಅಥವಾ ಜಿಲ್ಲಾ ಪಂಚಾಯಿತಿಯೇ ಮಾಡಿಕೊಡುವಂತೆ ಮನವಿ ಕೊಡಿ. ಠರಾವಿನಲ್ಲಿ ಒಂದು ಸಾಲು ಮರೆಯದೆ ಬರೆಸಿ: ‘ಈ ಖರ್ಚಿನಿಂದ ಗಡಿಯ ಬಗ್ಗೆ ಯಾವ ಪಂಚಾಯಿತಿಯ ಹಕ್ಕೂ ಬದಲಾಗುವುದಿಲ್ಲ.’ ಈ ಸಾಲು ಇದ್ದರೆ ಎರಡೂ ಕಡೆಯ ಅಧ್ಯಕ್ಷರು ಸಹಿ ಹಾಕಲು ಹಿಂಜರಿಯುವುದಿಲ್ಲ.